ಮೂರು ಬೆರಳು ಡೀಸೆಲ್

ಆಸ್ಪತ್ರೆಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಸಂಬಳದ ದಿನ ಗುಮಾಸ್ತರು ಹೆಸರು ಕೂಗಿದರೆ ಅವನೇ ಒಂದು ಗಳಿಗೆ ತಡವಾಗಿ ತಲೆಯೆತ್ತುತ್ತಿದ್ದ. ಉಳಿದಂತೆ ದೊಡ್ಡ ಡಾಕ್ಟರರಿಂದ ಹಿಡಿದು ಗೇಟಿನ ವಾಚ್‌ಮನ್ ತನಕ ಎಲ್ಲರಿಗೂ ಅವನು ತ್ರೈರಾಶಿ. ಶಾಲೆಯಲ್ಲಿ ನಮ್ಮನ್ನೆಲ್ಲ ಬೆಂಚಿನ ಮೇಲೆ ನಿಲ್ಲಿಸಿದ ಅದೇ ತ್ರೈರಾಶಿ: ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು? ನಮ್ಮಲ್ಲಿ ಹೆಚ್ಚಿನವರು ಪರೀಕ್ಷೆ ಮುಗಿದ ಸಂಜೆಯೇ ಅದಕ್ಕೆ ಎಳ್ಳುನೀರು ಬಿಟ್ಟೆವು. ಅವನು ಮಾತ್ರ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ಐವತ್ತು ದಾಟಿದ.

ಅವನ ಕೆಲಸ ಆಸ್ಪತ್ರೆಯಲ್ಲಿ ತೀರಿಕೊಂಡವರನ್ನು ಅವರವರ ಊರಿಗೆ ಮುಟ್ಟಿಸುವುದು. ಜೀವ ಇರುವವರನ್ನು ತರುವ ಗಾಡಿಗೆ ಸೈರನ್ ಇದೆ, ತಲೆಯ ಮೇಲೆ ತಿರುಗುವ ದೀಪ ಇದೆ, ಪಕ್ಕಕ್ಕೆ ಸರಿದು ದಾರಿ ಬಿಡುವ ಜನ ಇದ್ದಾರೆ. ಇವನದು ಹಳೆಯ ಮಿನಿ ಲಾರಿಗೆ ತಗಡಿನ ಗೂಡು ಕಟ್ಟಿಸಿ ಬೂದು ಬಣ್ಣ ಬಳಿದ ಗಾಡಿ. ಅದನ್ನು ಕಂಡರೆ ಜನ ದಾರಿ ಬಿಡುವುದಿರಲಿ, ಮುಖ ತಿರುಗಿಸುತ್ತಿದ್ದರು. ಅವನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ನನ್ನ ಗಾಡಿ ಹತ್ತಿದವರು ಯಾರೂ ಇವತ್ತಿನವರೆಗೆ ನನ್ನ ಮೇಲೆ ದೂರು ಕೊಟ್ಟಿಲ್ಲ ಎಂದು ವಾಚ್‌ಮನ್ ಹತ್ತಿರ ನಗೆಯಾಡುತ್ತಿದ್ದ. ವಾಚ್‌ಮನ್ ನಗುತ್ತಿರಲಿಲ್ಲ, ಆ ಗಾಡಿಯ ವಿಷಯದಲ್ಲಿ ಅವನಿಗೆ ಭಯ.

ತ್ರೈರಾಶಿಯನ್ನು ಅವನಿಗೆ ಹಿಡಿಸಿದವಳು ಅಕ್ಕ. ಅಪ್ಪ ಅಮ್ಮ ಇಬ್ಬರೂ ಗಿರಣಿಗೆ ಹೋದರೆ ಹೊತ್ತು ಮುಳುಗಿದ ಮೇಲೆಯೇ ಬರುತ್ತಿದ್ದದ್ದು. ಮನೆಯಲ್ಲಿ ಒಂದು ಬತ್ತಿ ಸ್ಟೌ, ಒಂದು ಡಬ್ಬಿ ಸೀಮೆಎಣ್ಣೆ, ಅಳತೆಗೆ ಅಂಚು ಸೊಟ್ಟಗಾದ ಒಂದು ಲೋಟ. ಅಕ್ಕ ಲೋಟವನ್ನು ಎತ್ತಿ ಹಿಡಿದು ಕೇಳುತ್ತಿದ್ದಳು:

“ಒಂದು ಲೋಟಕ್ಕೆ ಮೂರು ಹೊತ್ತಿನ ಅಡುಗೆ ಆದ್ರೆ, ಅರ್ಧ ಲೋಟಕ್ಕೆ?”

“ಒಂದೂವರೆ ಹೊತ್ತು.”

“ಅರ್ಧ ಹೊತ್ತಿನ ಅಡುಗೆ ಅಂದ್ರೇನೋ, ದಡ್ಡ?”

“ಬೇಯೋಕೆ ಇಡೋದು, ಬೇಯೋ ಮುಂಚೆ ಇಳಿಸೋದು.”

ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು. ಆಮೇಲೆ ಗಂಭೀರವಾಗಿ, “ಅದಕ್ಕೇ ಎಣ್ಣೆ ಅರ್ಧಕ್ಕಿಂತ ಕೆಳಗೆ ಇಳಿಯೋಕೆ ಬಿಡಬಾರ್ದು, ತಿಳೀತಾ?” ಎನ್ನುತ್ತಿದ್ದಳು. ಅಕ್ಕ ಮದುವೆಯಾಗಿ ದೂರ ಹೋದಳು, ಸ್ಟೌ ತುಕ್ಕು ಹಿಡಿದು ಗುಜರಿ ಸೇರಿತು, ಆ ಮಾತು ಮಾತ್ರ ಅವನ ತಲೆಯಲ್ಲಿ ಹಾಗೇ ಉಳಿಯಿತು.

ಆಮೇಲೆ ಅವನು ಕಂಡಕಂಡದ್ದಕ್ಕೆಲ್ಲ ಆ ಲೆಕ್ಕ ಹಚ್ಚತೊಡಗಿದ. ಹತ್ತು ಜನರ ಟೀಗೆ ಇಷ್ಟು ಹಾಲಾದರೆ ಏಳು ಜನಕ್ಕೆ ಎಷ್ಟು. ಗೋಡೆಯ ಈ ಮೂಲೆಗೆ ಇಷ್ಟು ಬಣ್ಣವಾದರೆ ಇಡೀ ಕೋಣೆಗೆ ಎಷ್ಟು. ಕೊನೆಗೆ ಹೆಂಡತಿಯ ಕೋಪಕ್ಕೂ ಹಚ್ಚಿದ. ಒಂದು ಗಂಟೆ ತಡವಾಗಿ ಬಂದರೆ ಒಂದು ಹೊತ್ತು ಮಾತಿಲ್ಲ, ಹಾಗಾದರೆ ಮೂರು ಗಂಟೆಗೆ ಮೂರು ಹೊತ್ತು ಎಂದು ಎಣಿಸಿ, ನಾಲ್ಕನೆಯ ಹೊತ್ತಿಗೆ ಹಲ್ಲು ಕಿರಿಯುತ್ತ ಅಡುಗೆಮನೆಗೆ ಹೋದ. ಹೆಂಡತಿ ಸೌಟು ಕೆಳಗಿಡದೆ ಹೇಳಿದಳು: “ರೀ, ಎಲ್ಲಾ ನಿಮ್ಮ ಲೆಕ್ಕದ ಹಾಗೆ ನಡೆಯಲ್ಲ. ಮೂರು ಗಂಟೆಗೆ ಮೂರು ದಿನ.” ಅವನು ಅದನ್ನು ತಮಾಷೆ ಎಂದುಕೊಂಡ. ಅವಳು ಮೂರು ದಿನ ಮಾತಾಡಲಿಲ್ಲ.

ಇಷ್ಟೆಲ್ಲ ಹೇಳಿ ಅವನನ್ನು ಬರೀ ಲೆಕ್ಕದ ಹುಚ್ಚ ಎಂದು ಬಿಟ್ಟರೆ ಅನ್ಯಾಯವಾದೀತು. ಆ ಲೆಕ್ಕಕ್ಕೆ ಅವನ ಕೆಲಸದಲ್ಲಿ ಒಂದು ಅರ್ಥವಿತ್ತು. ಗಾಡಿ ಆಸ್ಪತ್ರೆಯ ಗೇಟು ದಾಟಿ ಬಯಲಿಗೆ ಬಿದ್ದ ಮೇಲೆ, ಪಕ್ಕದಲ್ಲಿ ಕೂತ ಮಗನೋ ಗಂಡನೋ ತಂಗಿಯೋ ಮೊದಲು ಕೇಳುವ ಮಾತು ಒಂದೇ: ಎಷ್ಟೊತ್ತಿಗೆ ತಲುಪ್ತೀವಿ? ಅವನಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಹೋದವರ ಬಗ್ಗೆ ಏನಾದರೂ ಹೇಳಲು ಹೊರಟರೆ ನಾಲಿಗೆ ತಡವರಿಸುತ್ತಿತ್ತು. ಆದರೆ ಹೊತ್ತು ಹೇಳಲು ಬರುತ್ತಿತ್ತು. ಇಂಥ ಸೇತುವೆಗೆ ಇಷ್ಟೊತ್ತಿಗೆ, ಮನೆ ಬಾಗಿಲಿಗೆ ಇಷ್ಟೊತ್ತಿಗೆ ಎಂದು ಹೇಳುತ್ತಿದ್ದ, ಹಾಗೇ ತಲುಪಿಸುತ್ತಿದ್ದ. ಎಲ್ಲ ಅಡಿಮೇಲಾದ ದಿನ ಒಂದು ಮಾತಾದರೂ ಹೇಳಿದಂತೆ ನಡೆದರೆ ಜನಕ್ಕೆ ಹಿಡಿದುಕೊಳ್ಳಲು ಏನೋ ಸಿಗುತ್ತದೆ. ಅವನಿಗೆ ಅದು ಗೊತ್ತಿತ್ತು. ಅವನ ಜಂಬವೆಲ್ಲ ಅದೊಂದರಲ್ಲೇ ಇತ್ತು.

ಅವನ ಗಾಡಿಯ ಡೀಸೆಲ್ ಮುಳ್ಳು ಎಂದೋ ಮಲಗಿಬಿಟ್ಟಿತ್ತು. ರಿಪೇರಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡ ಮೇಲೆ ಅವನೇ ಒಂದು ಬಿದಿರಿನ ಕಡ್ಡಿ ಸೀಳಿ, ಬೆರಳಿನಗಲಕ್ಕೊಂದರಂತೆ ಗೀರು ಹಾಕಿ, ಟ್ಯಾಂಕಿನ ಮುಚ್ಚಳ ತೆಗೆದು ಇಳಿಬಿಟ್ಟು ನೋಡುವುದು ರೂಢಿ ಮಾಡಿಕೊಂಡ. ಎಷ್ಟು ಬೆರಳು ಒದ್ದೆಯಾಯಿತೋ ಅಷ್ಟು ಡೀಸೆಲ್. ಮೊದಲಿನ ಗಾಡಿಗಿದ್ದದ್ದು ಪೆಟ್ಟಿಗೆಯಂಥ ಚೌಕದ ಟ್ಯಾಂಕು. ಕಡ್ಡಿ ಒಂದು ಸಲವೂ ಸುಳ್ಳು ಹೇಳಲಿಲ್ಲ. ಆ ಗಾಡಿ ಗುಜರಿಗೆ ಹೋಗಿ ಅದರ ಬದಲು ಇನ್ನೊಂದು ಬಂತು. ಇದರ ಟ್ಯಾಂಕು ದುಂಡಗೆ, ಅಡ್ಡ ಮಲಗಿಸಿದ ಡ್ರಮ್ಮಿನ ಹಾಗೆ ಗಾಡಿಯ ಮಗ್ಗುಲಲ್ಲಿ ಜೋತು ಬಿದ್ದಿತ್ತು. ಮುಳ್ಳು ಇದರಲ್ಲೂ ಕೆಟ್ಟಿತ್ತು. ಅವನು ಭರ್ತಿ ತುಂಬಿಸಿ ಕಡ್ಡಿ ಇಳಿಸಿದ: ಹನ್ನೆರಡು ಬೆರಳು. ಓಡಿಸಿ ನೋಡಿದ. ಆರು ಬೆರಳಿಗೆ ಇಳಿಯುವ ಹೊತ್ತಿಗೆ ನೂರೆಂಬತ್ತು ಕಿಲೋಮೀಟರ್. ಆರಕ್ಕೆ ನೂರೆಂಬತ್ತಾದರೆ ಒಂದಕ್ಕೆ ಮೂವತ್ತು. ಅಲ್ಲಿಗೆ ಮುಗಿಯಿತು. ಅಕ್ಕನ ಮಾತಿನಂತೆ ಅರ್ಧಕ್ಕೆ ಇಳಿದ ಕೂಡಲೇ ತುಂಬಿಸುತ್ತಿದ್ದುದರಿಂದ ಆರು ಬೆರಳಿನ ಕೆಳಗೆ ಏನಿದೆ ಎಂದು ನೋಡುವ ಪ್ರಸಂಗವೇ ಬರಲಿಲ್ಲ.

ಅದು ಬಂದದ್ದು ಒಂದು ಬಿರುಬೇಸಿಗೆಯ ಮಧ್ಯಾಹ್ನ.

ತೀರಿಕೊಂಡವಳು ಇನ್ನೂ ಮೂವತ್ತು ತುಂಬದ ಹುಡುಗಿ. ತಿಂಗಳುಗಟ್ಟಲೆ ವಾರ್ಡಿನಲ್ಲಿ ಮಲಗಿದ್ದಳು. ಅವಳ ಅಪ್ಪ ಅಷ್ಟೂ ದಿನ ವರಾಂಡದ ಕಂಬಕ್ಕೆ ಒರಗಿಕೊಂಡೇ ಕಳೆದಿದ್ದ, ನರ್ಸುಗಳಿಗೆಲ್ಲ ಗುರುತಿನ ಮನುಷ್ಯ. ಅಮ್ಮ ಊರಲ್ಲಿ. ಮಂಡಿನೋವಿನಿಂದ ಅಂಗಳದ ಆಚೆ ಹೋಗಲಾರಳು, ಮಗಳು ಊರು ಬಿಟ್ಟ ಮೇಲೆ ಮುಖ ಕಂಡಿರಲಿಲ್ಲ. ಐಸಿನ ಪೆಟ್ಟಿಗೆ ಸಿಗಲಿಲ್ಲ, ಸೆಕೆ ಬೇರೆ. ಇವತ್ತೇ ಮಣ್ಣು ಮಾಡಿಬಿಡಿ, ನಾಳೆಗೆ ಇಡಬೇಡಿ ಎಂದು ಡಾಕ್ಟರು ಹೇಳಿದ್ದರು. ಕಾಗದಪತ್ರ, ರುಜು ಎಂದು ಓಡಾಡಿ ಹೊರಡುವಾಗಲೇ ತಡವಾಗಿತ್ತು.

ಗಾಡಿ ಪೇಟೆ ದಾಟಿದ ಮೇಲೆ ಅಪ್ಪ ಬಾಯಿಬಿಟ್ಟ. ಎಷ್ಟೊತ್ತಿಗೆ ತಲುಪ್ತೀವಿ ಎಂದು ಅವನು ಕೇಳಲಿಲ್ಲ.

“ಅಣ್ಣಾ, ಬೆಳಕಿರೋವಾಗ್ಲೇ ಮುಟ್ಟಿಸ್ಬಿಡಿ. ನನ್ನವಳಿಗೆ ಇರುಳುಗಣ್ಣು. ಹೊತ್ತು ಮುಳುಗಿದ್ರೆ ಏನೂ ಕಾಣಲ್ಲ. ದೀಪ ಹಿಡಿದ್ರೂ ಅಷ್ಟೇ.”

ತ್ರೈರಾಶಿ ಸೂರ್ಯನನ್ನು ನೋಡಿದ, ಕಿಲೋಮೀಟರ್ ಕಲ್ಲನ್ನು ನೋಡಿದ, ಒಳಗೊಳಗೇ ಗುಣಿಸಿ ಭಾಗಿಸಿದ. “ಹೊತ್ತು ಮುಳುಗೋಕೆ ಇನ್ನೂ ಒಂದು ಗಂಟೆ ಇದೆ ಅನ್ನೋವಾಗ ನಿಮ್ಮ ಮನೆ ಮುಂದೆ ಇರ್ತೀವಿ ಯಜಮಾನ್ರೇ. ಅಮ್ಮ ಮಗಳ ಮುಖ ನೋಡ್ತಾರೆ. ಅದು ನನ್ನ ಜವಾಬ್ದಾರಿ,” ಎಂದ. ಅಪ್ಪ ತಲೆಯಾಡಿಸಿ ಸೀಟಿಗೆ ಒರಗಿದ. ಆ ಒರಗುವಿಕೆಯನ್ನು ತ್ರೈರಾಶಿ ಎಷ್ಟೋ ಜನರಲ್ಲಿ ನೋಡಿದ್ದ. ಅದಕ್ಕಾಗಿಯೇ ಅವನು ಹೊತ್ತು ಹೇಳುತ್ತಿದ್ದದ್ದು.

ಬೆಳಿಗ್ಗೆ ಇನ್ನೊಂದು ಊರಿಗೆ ಹೋಗಿ ಬಂದಿದ್ದರಿಂದ ಟ್ಯಾಂಕು ಇಳಿದಿತ್ತು, ಹೊರಡುವ ಅವಸರದಲ್ಲಿ ಪೇಟೆಯಲ್ಲಿ ತುಂಬಿಸಲು ಆಗಿರಲಿಲ್ಲ. ಕಾಡುದಾರಿ ಶುರುವಾಗುವ ಕಡೆ ಇರುವ ಕೊನೆಯ ಬಂಕಿನಲ್ಲಿ ತುಂಬಿಸುವುದೆಂದು ಎಣಿಸಿದ್ದ. ಅಲ್ಲಿ ಹೋದರೆ ಲಾರಿಗಳು ಸಾಲುಗಟ್ಟಿ ನಿಂತಿವೆ. ಟ್ಯಾಂಕರ್ ಬಂದು ನೆಲದೊಳಗಿನ ತೊಟ್ಟಿಗೆ ಡೀಸೆಲ್ ಇಳಿಸುತ್ತಿದೆ.

“ಇಳಿಸಿ ಮುಗಿಯೋ ತನಕ ಯಾರಿಗೂ ಹಾಕಲ್ಲ. ಒಂದು ಗಂಟೆ ಆದ್ರೂ ಬೇಕು,” ಎಂದ ಬಂಕಿನವನು.

“ಹಿಂದೆ ಹೆಣ ಇದೆ ಮಾರಾಯ.”

“ನೀವೇ ನೋಡಿ, ಪೈಪು ಹಾಕಿದೀವಿ. ಈಗ ಹೇಗೆ ಹಾಕ್ಲಿ?”

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ತ್ರೈರಾಶಿ ಮುಚ್ಚಳ ತೆಗೆದು ಕಡ್ಡಿ ಇಳಿಬಿಟ್ಟ. ಮೂರು ಬೆರಳು. ಒಂದಕ್ಕೆ ಮೂವತ್ತಾದರೆ ಮೂರಕ್ಕೆ ತೊಂಬತ್ತು. ಊರಿಗಿರುವುದು ಎಪ್ಪತ್ತೆರಡು. ಇನ್ನೂ ಹದಿನೆಂಟು ಮಿಗುತ್ತದೆ. ಇಲ್ಲಿ ಒಂದು ಗಂಟೆ ಕಾದರೆ ಡೀಸೆಲ್ ಇರುತ್ತದೆ, ಬೆಳಕು ಇರುವುದಿಲ್ಲ. ವಾಪಸು ಬರುವುದನ್ನು ಆಮೇಲೆ ನೋಡಿಕೊಳ್ಳೋಣ ಎಂದು ಕಡ್ಡಿ ಒರೆಸಿ ಸೀಟಿನ ಹಿಂದೆ ಸಿಕ್ಕಿಸಿ ಗಾಡಿ ಎತ್ತಿದ. ಅಕ್ಕನ ಮಾತನ್ನು ಅವನು ಮುರಿದದ್ದು ಅದೊಂದೇ ಸಲ. ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಅವನ ಜಾಗದಲ್ಲಿ ನೀವಿದ್ದರೂ ಹೊರಡುತ್ತಿದ್ದಿರಿ.

ಕಾಡು ಮುಗಿದು ಕುರುಚಲು ಗುಡ್ಡಗಳ ನಡುವೆ ರಸ್ತೆ ಬಳಸಿ ಹೋಗುವಲ್ಲಿ, ಊರಿಗೆ ಆರು ಎಂದು ಬರೆದ ಕಲ್ಲಿನ ಹತ್ತಿರ, ಗಾಡಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಅವನು ಎರಡು ಮೂರು ಸಲ ಕೀಲಿ ತಿರುಗಿಸಿದ. ಇಳಿದು ಕಡ್ಡಿ ಇಳಿಬಿಟ್ಟ. ಮೇಲೆತ್ತಿದಾಗ ತುದಿ ಮಾತ್ರ ತೇವವಾಗಿತ್ತು. ನಂಬಲಾರದೆ ಮತ್ತೆ ಇಳಿಬಿಟ್ಟ. ಟ್ಯಾಂಕಿನ ತಳಕ್ಕೆ ಕಡ್ಡಿ ತಗುಲುವ ಟಕ್ ಶಬ್ದ ಅಪ್ಪನಿಗೂ ಕೇಳಿಸಿತು.

ಎಲ್ಲಿ ತಪ್ಪಿತೆಂದು ಅವನಿಗೆ ಹೊಳೆದದ್ದು ಮರುದಿನ, ಅದೂ ಹೆಂಡತಿ ಹೇಳಿದ ಮೇಲೆ. ಅವಳು ಎಣ್ಣೆಯ ದುಂಡು ಬಾಟಲಿಯನ್ನು ಮೊರದ ಮೇಲೆ ಅಡ್ಡ ಮಲಗಿಸಿ ತೋರಿಸಿದಳು. “ನಡುವಿನ ಒಂದು ಬೆರಳೂ ತಳದ ಒಂದು ಬೆರಳೂ ಒಂದೇನಾ? ತಳದಲ್ಲಿ ಜಾಗಾನೇ ಇಲ್ವಲ್ಲಾ.” ಅಷ್ಟೇ ವಿಷಯ. ಚೌಕದ ಟ್ಯಾಂಕಿನ ಲೆಕ್ಕವನ್ನು ಅವನು ದುಂಡು ಟ್ಯಾಂಕಿಗೆ ಹಚ್ಚಿದ್ದ. ಅರ್ಧದ ತನಕ ಅಳತೆ ಸರಿಯಾಗಿ ಕೂತದ್ದೇ ಮೋಸವಾಯಿತು. ಕೆಳಗಿನ ಮೂರು ಬೆರಳಲ್ಲಿ ತೊಂಬತ್ತು ಕಿಲೋಮೀಟರ್ ಇರಲೇ ಇಲ್ಲ. ಅವನು ಹೊಸ ಕಡ್ಡಿ ಸೀಳಿ, ಖಾಲಿ ಟ್ಯಾಂಕಿಗೆ ಕ್ಯಾನು ಕ್ಯಾನಾಗಿ ಸುರಿದು, ಪ್ರತಿ ಸಲವೂ ಒದ್ದೆಯಾದಲ್ಲಿಗೆ ಗೀರು ಹಾಕಿದ. ಗೀರುಗಳು ತಳದಲ್ಲಿ ದೂರ ದೂರ, ನಡುವೆ ಒತ್ತೊತ್ತು, ಮೇಲೆ ಮತ್ತೆ ದೂರ. ಆದರೆ ಅದೆಲ್ಲ ಮರುದಿನದ ಮಾತು. ಆ ಸಂಜೆ ರಸ್ತೆಯಲ್ಲಿ ಇದ್ದದ್ದು ಕೈಕೊಟ್ಟ ಗಾಡಿ, ಇಬ್ಬರು ಗಂಡಸರು, ಬಿಳಿ ಬಟ್ಟೆ ಹೊದ್ದ ಹುಡುಗಿ. ಹೊತ್ತು ಮುಳುಗಲು ಸುಮಾರು ಒಂದೂಕಾಲು ಗಂಟೆ ಉಳಿದಿತ್ತು.

ಅಪ್ಪ ಕೂಗಾಡಲಿಲ್ಲ. ಕೂಗಾಡಿದ್ದರೆ ತ್ರೈರಾಶಿಗೆ ಎಷ್ಟೋ ಹಗುರಾಗುತ್ತಿತ್ತು. ಆ ಮನುಷ್ಯ ಗೂಡಿನ ಬಾಗಿಲ ಮೇಲೆ ಕೈಯಿಟ್ಟು ನಿಂತ. ಆಮೇಲೆ ಜೇಬಿನಿಂದ ಫೋನು ತೆಗೆದು ಪಕ್ಕದ ಮನೆಯವಳಿಗೆ ಹಚ್ಚಿದ. ಊರಿನ ಗಂಡಸರೆಲ್ಲ ಗುಡ್ಡದ ಆಚೆ ಗುಂಡಿ ತೋಡಲು ಹೋಗಿದ್ದರು, ಅಲ್ಲಿಗೆ ಫೋನು ಸಿಗದು. ಆ ದಾರಿಯಲ್ಲಿ ಸಂಜೆ ಬೇರೆ ಗಾಡಿ ಓಡಾಡುವುದಿಲ್ಲ, ಊರಲ್ಲಿದ್ದ ಒಂದು ಟ್ರ್ಯಾಕ್ಟರು ಗಾಲಿ ಬಿಚ್ಚಿಕೊಂಡು ಕೂತಿತ್ತು. ಗಂಡಸರನ್ನು ಕರೆಸುತ್ತೇನೆ ಎಂದಳು ಆ ಹೆಂಗಸು.

ತ್ರೈರಾಶಿಯ ತಲೆ ತನ್ನಷ್ಟಕ್ಕೆ ಓಡತೊಡಗಿತು. ಗಂಡಸರು ಬಂದು ಹೊತ್ತುಕೊಂಡು ಹೋಗುವ ತನಕ ಕಾದರೆ ಕತ್ತಲು. ಇಬ್ಬರೇ ಹೊತ್ತು ಆರು ಕಿಲೋಮೀಟರ್ ನಡೆದರೂ ಕತ್ತಲು. ಆದರೆ ಅಮ್ಮ ಅತ್ತಲಿಂದ ಹೊರಟರೆ, ಇವರು ಇತ್ತಲಿಂದ ಹೊರಟರೆ?

“ಯಜಮಾನ್ರೇ, ಅಮ್ಮ ಎಷ್ಟು ನಡೀತಾರೆ?”

“ಅಂಗಳದಿಂದ ಬಾವಿ ತನಕ.”

“ನಾವು ಎರಡು ಹೆಜ್ಜೆ ಇಟ್ರೆ ಅವ್ರು ಒಂದಿಡ್ತಾರೆ ಅಂತ ಇಟ್ಕೊಳ್ಳಿ. ನಾವು ನಾಲ್ಕು ಕಿಲೋಮೀಟರ್ ಹೋದ್ರೆ ಅವ್ರು ಎರಡು ಬಂದಿರ್ತಾರೆ. ಎರಡನೇ ಕಲ್ಲಿನ ಹತ್ರ ಸಿಗ್ತಾರೆ. ಹೇಳಿ, ಹೊರಡಿಸೋಕೆ ಹೇಳಿ.”

ಅಪ್ಪ ಫೋನಿನಲ್ಲಿ ಹೇಳಹೊರಟ. ಅತ್ತಲಿಂದ ಬಂದ ಮಾತು ಕೇಳಿ ಫೋನು ಇಳಿಸಿದ.

“ಆಗ್ಲೇ ಹೊರಟ್ಲಂತೆ. ಗಾಡಿ ನಿಂತಿದೆ ಅಂತ ಕೇಳಿದ ಕೂಡ್ಲೇ ಎದ್ದು ಹೋದ್ಲಂತೆ.”

ಸ್ಟ್ರೆಚರ್ ಇಳಿಸಿದರು. ಮುಂದೆ ಅಪ್ಪ, ಹಿಂದೆ ತ್ರೈರಾಶಿ. ಹುಡುಗಿ ಹಗುರವಾಗಿದ್ದಳು, ಕಾಯಿಲೆ ಅವಳನ್ನು ಅಷ್ಟು ತಿಂದುಹಾಕಿತ್ತು. ಇಷ್ಟು ವರ್ಷ ಅವನು ಸಾಗಿಸಿದವರೆಲ್ಲ ಅವನ ಬೆನ್ನ ಹಿಂದೆ, ತಗಡಿನ ಗೋಡೆಯ ಆಚೆ ಇದ್ದರು. ಈಗ ಬಟ್ಟೆ ಮುಚ್ಚಿದ ಮುಖ ಅವನ ಎರಡು ಕೈಗಳ ನಡುವೆ, ಕಣ್ಣೆದುರಿಗೇ ಇತ್ತು. ಗಾಳಿಗೆ ಬಟ್ಟೆ ಮೂಗಿನ ಮೇಲೆ ಅಂಟಿ ಬಿಟ್ಟು ಆಡಿದರೆ ಉಸಿರಾಡಿದಂತೆ ಕಾಣುತ್ತಿತ್ತು. ಅವನಿಗೆ ಅಳು ಬಂತು. ಅಪ್ಪನಿಗೆ ಕೇಳಿಸೀತೆಂದು ಹಲ್ಲು ಕಚ್ಚಿಕೊಂಡು ನಡೆದ.

ಲೆಕ್ಕದಂತೆ ಯಾವುದೂ ನಡೆಯಲಿಲ್ಲ. ಅಪ್ಪನ ಉಸಿರು ಸಾಲದಾಗಿ ಆಗಾಗ ನಿಲ್ಲುವಂತಾಯಿತು. ತ್ರೈರಾಶಿಯ ಅಂಗೈ ಬೊಬ್ಬೆ ಎದ್ದು ಒಡೆಯಿತು. ಐದನೆಯ ಕಲ್ಲು ಬಂದಾಗಲೇ ನೆರಳು ರಸ್ತೆಯ ಆಚೆ ಅಂಚಿಗೆ ಚಾಚಿತ್ತು. ನಾಲ್ಕನೆಯ ಕಲ್ಲಿಗೆ ಬಂದಾಗ ಸೂರ್ಯ ಗುಡ್ಡದ ನೆತ್ತಿಗೆ ಇಳಿದಿದ್ದ. ಎರಡು ಕಿಲೋಮೀಟರಿಗೆ ಇಷ್ಟು ಹೊತ್ತಾದರೆ ಇನ್ನೆರಡಕ್ಕೆ ಎಷ್ಟು? ಅವನಿಗೆ ಉತ್ತರ ಗೊತ್ತಿತ್ತು. ಎರಡನೆಯ ಕಲ್ಲು ತಲುಪುವಾಗ ಕತ್ತಲು. ಆ ತಾಯಿ ಮಗಳ ಮುಖವನ್ನು ಬೆರಳಿನಿಂದ ತಡವಿ ನೋಡಬೇಕಾಗುತ್ತದೆ. ಅದಕ್ಕೆ ಕಾರಣ ನಾನು, ನನ್ನ ಕಡ್ಡಿ, ನನ್ನ ಜಂಬ. ಜನ್ಮದಲ್ಲಿ ಮೊದಲ ಸಲ ಅವನು ಆ ಲೆಕ್ಕಕ್ಕೆ ಶಾಪ ಹಾಕಿದ.

“ಅಣ್ಣಾ,” ಮುಂದಿನ ಕಲ್ಲು ಹತ್ತಿರವಾಗುವಾಗ ಅಪ್ಪ ಮುಂದಿನಿಂದ ಹೇಳಿದ, “ಅಲ್ಲಿ ಯಾರೋ ಬರ್ತಿದಾರೆ.”

ರಸ್ತೆಯ ತಿರುವಿನಲ್ಲಿ ಒಬ್ಬ ಹೆಂಗಸು. ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. ಒಂದು ಕಾಲು ಎಳೆದು ಇನ್ನೊಂದು ಕಾಲಿನ ಮೇಲೆ ಭಾರ ಹಾಕಿ ಓಡುವವಳ ಹಾಗೆ ಬರುತ್ತಿದ್ದಳು. ಎಲ್ಲೋ ಬಿದ್ದಿರಬೇಕು, ಮಂಡಿಯ ಹತ್ತಿರ ಬಟ್ಟೆಗೆ ಮಣ್ಣು ಮೆತ್ತಿತ್ತು. ಅವಳ ಪಕ್ಕದಲ್ಲಿದ್ದ ಕಲ್ಲನ್ನು ತ್ರೈರಾಶಿ ಓದಿದ. ಊರು ಮೂರು. ಬಾವಿಯ ಆಚೆಗೆ ನಡೆಯಲಾರದವಳು ಮೂರು ಕಿಲೋಮೀಟರ್ ಬಂದಿದ್ದಳು. ಇಬ್ಬರು ಗಂಡಸರು ನಡೆದದ್ದು ಮೂರು, ಮಂಡಿ ಸವೆದ ಮುದುಕಿ ನಡೆದದ್ದೂ ಮೂರು, ಒಂದಕ್ಕೆ ಒಂದು.

ಕಲ್ಲಿನ ಪಕ್ಕದ ಹುಲ್ಲಿನ ಮೇಲೆ ಸ್ಟ್ರೆಚರ್ ಇಟ್ಟರು. ಅವಳು ಕುಕ್ಕರಿಸಲಾಗದೆ ಕಾಲು ಚಾಚಿ ನೆಲಕ್ಕೇ ಕೂತಳು. ಬಟ್ಟೆಯನ್ನು ತಾನೇ ಸರಿಸಿದಳು. ಸೂರ್ಯನ ಕೊನೆಯ ಬೆಳಕು ಗುಡ್ಡದ ಸಂದಿನಿಂದ ನೇರ ಆ ಮುಖದ ಮೇಲೆ ಬಿದ್ದಿತ್ತು. ಅವಳು ಗೋಳಾಡಲಿಲ್ಲ. ಹಣೆ ನೋಡಿದಳು, ಕಿವಿ ನೋಡಿದಳು, ಗಲ್ಲದ ಮೇಲಿನ ಹಳೆಯ ಗಾಯದ ಕಲೆ ನೋಡಿದಳು. ಕೂದಲನ್ನು ಬೆರಳಿನಿಂದ ಬಾಚಿ ಕಿವಿಯ ಹಿಂದೆ ಸೇರಿಸಿದಳು. “ಎಷ್ಟು ಸೊರಗಿದೀಯೇ,” ಎಂದಳು. “ಹೊಟ್ಟೆ ತುಂಬ ತಿನ್ನು ಅಂತ ಫೋನಲ್ಲಿ ಹೇಳಿದ್ದೆ, ಕೇಳಿದ್ಯಾ ನನ್ನ ಮಾತು?” ಅಪ್ಪ ಆಚೆ ತಿರುಗಿ ನಿಂತ. ತ್ರೈರಾಶಿ ಕೈ ಕಟ್ಟಿಕೊಂಡು, ಬೈಸಿಕೊಳ್ಳಲು ಸಿದ್ಧನಾಗಿ, ತಲೆ ತಗ್ಗಿಸಿ ನಿಂತ.

ಅವಳು ಅವನತ್ತ ನೋಡದೆಯೇ ಕೇಳಿದಳು: “ಗಾಡಿಯವನು ನೀನೇನಪ್ಪಾ?”

“ಹೂಂ ಅಮ್ಮ. ತಪ್ಪಾಯ್ತು. ನನ್ನ ಲೆಕ್ಕ ತಪ್ಪಿ...”

“ಮನೇಲಿ ಊರೆಲ್ಲಾ ಬಂದು ಕೂತಿದೆ. ಅಲ್ಲಾಗಿದ್ರೆ ಇವಳು ನನಗೊಬ್ಬಳಿಗೇ ಇಷ್ಟು ಹೊತ್ತು ಸಿಗ್ತಿರ್ಲಿಲ್ಲ.”

ಅದು ಕ್ಷಮೆಯೋ, ಬರೀ ಇದ್ದದ್ದನ್ನು ಇದ್ದಂತೆ ಹೇಳಿದ ಮಾತೋ ಅವನಿಗೆ ತಿಳಿಯಲಿಲ್ಲ.

ಸೂರ್ಯ ಇಳಿದ. ಗುಡ್ಡಗಳು ಮಸುಕಾದವು, ಕಲ್ಲಿನ ಮೇಲಿನ ಅಂಕಿ ಮಸುಕಾಯಿತು. ಅವನಿಗೂ ಅಪ್ಪನಿಗೂ ಇನ್ನೂ ಎಲ್ಲ ಕಾಣುತ್ತಿತ್ತು. ಆದರೆ ಅವಳು ಮುಖವನ್ನು ಇನ್ನೂ ಹತ್ತಿರಕ್ಕೆ ಬಗ್ಗಿಸಿದಳು, ಮತ್ತೂ ಹತ್ತಿರಕ್ಕೆ ಬಗ್ಗಿಸಿದಳು. ಕೊನೆಗೆ ಬೆನ್ನು ನೆಟ್ಟಗೆ ಮಾಡಿ ಕೂತು, “ಸಾಕು. ಇನ್ನು ಕಾಣ್ತಿಲ್ಲ. ಮುಚ್ಚಿಬಿಡಿ,” ಎಂದಳು.

ಗುಡ್ಡದ ಕಡೆಯಿಂದ ಟಾರ್ಚು ಹಿಡಿದ ಗಂಡಸರು ಬಂದರು. ನಾಲ್ವರು ಸ್ಟ್ರೆಚರಿಗೆ ಹೆಗಲು ಕೊಟ್ಟರು, ಅಪ್ಪ ಅವರ ಪಕ್ಕದಲ್ಲಿ ಹೊರಟ. ತ್ರೈರಾಶಿಯ ಕೈ ಖಾಲಿಯಾಯಿತು. ಕತ್ತಲಲ್ಲಿ ಕಣ್ಣು ಕಾಣದ ತಾಯಿ ಗಾಳಿಯಲ್ಲಿ ಕೈ ಚಾಚಿ ತಡಕಾಡುತ್ತಿದ್ದಳು. ಅವನು ಹತ್ತಿರ ಹೋಗಿ ತನ್ನ ತೋಳು ಕೊಟ್ಟ. ಅವಳು ಗಟ್ಟಿಯಾಗಿ ಹಿಡಿದುಕೊಂಡಳು. ಈಗ ಅವಳ ಮಂಡಿಗಳು ಮಡಿಚಲೇ ಒಲ್ಲವು, ಹೆಜ್ಜೆಹೆಜ್ಜೆಗೂ ನರಳುತ್ತಿದ್ದಳು. ಸ್ಟ್ರೆಚರಿನ ಜೊತೆಯ ಟಾರ್ಚಿನ ಬೆಳಕು ಮುಂದೆ ಮುಂದೆ ಹೋಗಿ ಚಿಕ್ಕದಾಯಿತು.

“ಇನ್ನೂ ಎಷ್ಟು ದೂರ ಇದೆಯಪ್ಪಾ?”

ಇದೊಂದಕ್ಕೆ ಅವನ ಹತ್ತಿರ ಸರಿಯಾದ ಉತ್ತರವಿತ್ತು.

“ಮೂರು ಕಿಲೋಮೀಟರ್, ಅಮ್ಮ.”

ಅವಳು ನಿಂತು ಉಸಿರು ತೆಗೆದುಕೊಂಡಳು.

“ಬರೋವಾಗ ಅಷ್ಟಿರ್ಲಿಲ್ಲ,” ಎಂದಳು.